ಕಾಡು ನುಂಗಿದ ಊರು: ಗೇರುಸೊಪ್ಪೆಯ ಪಟ್ಟಣ ಎಲ್ಲಿ ಹೋಯಿತು, ಅಂಥ ಊರನ್ನು ಹುಡುಕುವುದು ಹೇಗೆ?

ಹೊನ್ನಾವರದಿಂದ ಸುಮಾರು 30 ಕಿಲೋಮೀಟರ್ ಒಳಗೆ, ಶರಾವತಿ ಕಣಿವೆಯಲ್ಲಿ, ನಗರಬಸ್ತಿಕೇರಿ ಎಂಬ ಜಾಗವಿದೆ. ಸುತ್ತ ಕಾಡು. ಆ ಕಾಡಿನ ನಡುವೆ ನಾಲ್ಕು ದಿಕ್ಕಿಗೂ ಬಾಗಿಲಿರುವ ಒಂದು ಕಲ್ಲಿನ ಬಸದಿ ನಿಂತಿದೆ. ಅದೇ ಚತುರ್ಮುಖ ಬಸದಿ. ಆಸುಪಾಸಿನಲ್ಲಿ ಇನ್ನೂ ಕೆಲವು ಬಸದಿಗಳು, ಗುಡಿಗಳು, ಶಾಸನದ ಕಲ್ಲುಗಳು ಇವೆ. ಮೊದಲ ಸಲ ಹೋದವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಇಷ್ಟು ದೊಡ್ಡ ಬಸದಿಯನ್ನು ಈ ಕಾಡಿನಲ್ಲಿ ಯಾಕೆ ಕಟ್ಟಿದರು?

ಕಾಡಿನಲ್ಲಿ ಕಟ್ಟಲಿಲ್ಲ. ಊರಿನಲ್ಲಿ ಕಟ್ಟಿದರು. ಊರು ಹೋಯಿತು, ಕಾಡು ಬಂತು.

ಇದು ಸಾಳುವ ಅರಸರ ರಾಜಧಾನಿಯಾಗಿದ್ದ ಗೇರುಸೊಪ್ಪೆ. ಕಾಳುಮೆಣಸಿನ ವ್ಯಾಪಾರದಿಂದ ಬೆಳೆದ ಪಟ್ಟಣ. ಇಲ್ಲಿಂದ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದರು. ಆಕೆಯ ಆಳ್ವಿಕೆಯನ್ನು 1552ರಿಂದ 1606ರವರೆಗೆ ಎಂದು ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ಕೊನೆಗೆ ಕೆಳದಿಯ ವೆಂಕಟಪ್ಪ ನಾಯಕನ ಕೈಯಲ್ಲಿ ರಾಜ್ಯ ಬಿತ್ತು.

ಅಂಥ ಪಟ್ಟಣದ ಬೀದಿಗಳೆಲ್ಲಿ, ಮನೆಗಳೆಲ್ಲಿ, ಅಂಗಡಿಗಳೆಲ್ಲಿ? ಮರಗಳ ಅಡಿಯಲ್ಲಿ ಅಡಗಿರುವ ಊರನ್ನು ಕಂಡುಹಿಡಿಯಲು ವಿಜ್ಞಾನಕ್ಕೆ ಯಾವ ದಾರಿಗಳಿವೆ? ಈ ಲೇಖನದಲ್ಲಿ ತಿಳಿಯೋಣ. ಜೊತೆಗೆ ಶಾಪ, ದೆವ್ವ, ನಿಧಿ ಎಂಬ ಕತೆಗಳನ್ನೂ ಸ್ವಲ್ಪ ಕೆದಕೋಣ.

ಮೊದಲು ಒಂದು ಮಾತು: ಇದು ದೆವ್ವದ ಊರಲ್ಲ

ಜನ ಬಿಟ್ಟುಹೋದ ಊರನ್ನು ಇಂಗ್ಲಿಷಿನಲ್ಲಿ 'ಗೋಸ್ಟ್ ಟೌನ್' ಎನ್ನುತ್ತಾರೆ. ಯೂಟ್ಯೂಬ್ ವಿಡಿಯೊಗಳಲ್ಲಿ ಇದು ನೇರವಾಗಿ 'ದೆವ್ವದ ಊರು' ಎಂದಾಗಿ, ಅದಕ್ಕೊಂದು ಭಯಾನಕ ಸಂಗೀತವೂ ಸೇರಿಕೊಳ್ಳುತ್ತದೆ. ಮೂಲದ ಮಾತಿನಲ್ಲಿ ದೆವ್ವವೇನೂ ಇಲ್ಲ. ನಮ್ಮಲ್ಲಿ ಇದಕ್ಕೆ ಬಹಳ ಹಿಂದಿನಿಂದ ಸರಿಯಾದ ಮಾತಿದೆ: ಹಾಳೂರು. 'ಹಾಳೂರಿಗೆ ಉಳಿದವನೇ ಗೌಡ' ಎಂಬ ಗಾದೆ ಕೇಳದವರು ಕಡಿಮೆ.

ಕಂದಾಯ ಇಲಾಖೆಯ ಮಾತು ಇನ್ನೂ ಚೆನ್ನಾಗಿದೆ. ಜನವಸತಿ ಇಲ್ಲದ ಗ್ರಾಮವನ್ನು ದಾಖಲೆಗಳಲ್ಲಿ 'ಬೇಚರಾಕ್ ಗ್ರಾಮ' ಎಂದು ಬರೆಯುತ್ತಾರೆ. ಇದು ಪಾರ್ಸಿ ಭಾಷೆಯಿಂದ ಬಂದದ್ದು. ಚಿರಾಗ್ ಎಂದರೆ ದೀಪ, ಬೇ ಎಂದರೆ ಇಲ್ಲದ್ದು. ಒಟ್ಟಿನಲ್ಲಿ, ಸಂಜೆಗೆ ದೀಪ ಹಚ್ಚುವವರಿಲ್ಲದ ಊರು. ಕರ್ನಾಟಕದ ಎಷ್ಟೋ ತಾಲ್ಲೂಕುಗಳ ಗ್ರಾಮಪಟ್ಟಿಯಲ್ಲಿ ಇಂಥ ಊರುಗಳಿವೆ. ಅವುಗಳಿಗೆ ಹೆಸರಿದೆ, ಗಡಿಯಿದೆ, ಸರ್ವೆ ನಂಬರುಗಳಿವೆ. ಇಲ್ಲದಿರುವುದು ಮನೆಗಳು ಮಾತ್ರ.

ಹದಿನೇಳು ವರ್ಷದಲ್ಲಿ ಒಂದು ಪಟ್ಟಣ ಕಾಡಾಗಬಹುದೇ?

1623ರಲ್ಲಿ ಪಿಯೆತ್ರೊ ಡೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿ, ಇಕ್ಕೇರಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರದಿಂದ ಹೊಳೆಯಲ್ಲಿ ದೋಣಿಯೇರಿ ಗೇರುಸೊಪ್ಪೆಗೆ ಬಂದ. ಹಿಂದೆ ಇದು ರಾಣಿಯರು ಆಳುತ್ತಿದ್ದ ಒಳ್ಳೆಯ ಪಟ್ಟಣವಾಗಿತ್ತೆಂದೂ, ಈಗ ಊರೂ ಅರಮನೆಯೂ ಬಿದ್ದುಹೋಗಿ ಮರಗಳು ಬೆಳೆದುಕೊಂಡಿವೆಯೆಂದೂ, ಕೆಲವು ರೈತರ ಗುಡಿಸಲುಗಳಷ್ಟೇ ಉಳಿದಿವೆಯೆಂದೂ ಬರೆದಿಟ್ಟ.

1606ಕ್ಕೆ ರಾಣಿಯ ಆಳ್ವಿಕೆ ಮುಗಿಯಿತು ಎಂದುಕೊಂಡರೆ ನಡುವೆ ಇರುವುದು 17 ವರ್ಷ. ಇಷ್ಟರಲ್ಲಿ ಪಟ್ಟಣವೊಂದು ಮರಗಳ ಪಾಲಾಗುವುದು ಉತ್ಪ್ರೇಕ್ಷೆಯಂತೆ ಕೇಳಿಸಬಹುದು. ಆದರೆ ಕರಾವಳಿ, ಮಲೆನಾಡಿನವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಎರಡು ಮಳೆಗಾಲ ಹೆಂಚು ಸರಿಪಡಿಸದ ಮನೆ ಏನಾಗುತ್ತದೆ ಎಂದು ಅವರು ಕಣ್ಣಾರೆ ಕಂಡಿರುತ್ತಾರೆ.

ಈ ಕಣಿವೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆ ಕಾಲದ ಸಾಮಾನ್ಯರ ಮನೆಗಳು ಮಣ್ಣಿನ ಗೋಡೆ, ಮರದ ಕಂಬ, ಹುಲ್ಲು ಅಥವಾ ಸೋಗೆಯ ಮಾಡಿನವು. ಹುಲ್ಲಿನ ಮಾಡಿಗೆ ಆಗಾಗ ಹೊಸ ಹೊದಿಕೆ ಬೇಕು. ಅದು ನಿಂತ ವರ್ಷವೇ ನೀರು ಗೋಡೆಯ ತಲೆಗೆ ಇಳಿಯುತ್ತದೆ. ಮಣ್ಣಿನ ಗೋಡೆ ತಲೆಯಿಂದ ನೆನೆದರೆ ಕುಸಿಯಲು ಹೆಚ್ಚು ಕಾಲ ಬೇಡ. ಮರವನ್ನು ಗೆದ್ದಲು ಮತ್ತು ಶಿಲೀಂಧ್ರ ಹಂಚಿಕೊಳ್ಳುತ್ತವೆ. ಬಯಲಾದ ಜಾಗಕ್ಕೆ ಮೊದಲು ನುಗ್ಗುವುದು ಬಿಸಿಲು ಬೇಡುವ, ಬೇಗ ಬೆಳೆಯುವ ಗಿಡಗಳು. ಚಂದಕಲು, ಉಪ್ಪಳಿಗೆ ಎಂದೆಲ್ಲ ಕರೆಸಿಕೊಳ್ಳುವ ಅಗಲ ಎಲೆಯ ಮರ ಅಂಥದ್ದರಲ್ಲಿ ಒಂದು. ಕೆಲವೇ ವರ್ಷಗಳಲ್ಲಿ ಅದು ಆಳುದ್ದ ಮೀರಿ ನೆರಳು ಕೊಡುತ್ತದೆ. ಆ ನೆರಳಿನಲ್ಲಿ ನಿಧಾನ ಬೆಳೆಯುವ ಕಾಡುಮರಗಳ ಸಸಿಗಳು ಏಳುತ್ತವೆ. ಹಕ್ಕಿಗಳು ಹಿಕ್ಕೆಯಲ್ಲಿ ಬೀಳಿಸಿದ ಆಲ, ಅರಳಿ, ಗೋಣಿ ಬೀಜಗಳು ಕಲ್ಲಿನ ಸಂದಿನಲ್ಲೇ ಮೊಳೆಯುತ್ತವೆ.

ಹಾಗಾಗಿ 17 ವರ್ಷದಲ್ಲಿ ಹಳೆಯ ದಟ್ಟ ಕಾಡು ಬಾರದಿದ್ದರೂ ಊರನ್ನು ಮುಚ್ಚುವಷ್ಟು ಮರ ಬರಲು ಅಡ್ಡಿಯಿಲ್ಲ. ಇದಲ್ಲದೆ ಪಟ್ಟಣದ ಇಳಿಗಾಲ 1606ಕ್ಕಿಂತ ಮೊದಲೇ ಶುರುವಾಗಿದ್ದರೂ ಇರಬಹುದು. ಊರಿನ ಬಂದರು ಹೊನ್ನಾವರ 1569ರಲ್ಲೇ ಪೋರ್ಚುಗೀಸರ ಕೈ ಸೇರಿತ್ತು ಎಂಬುದನ್ನು ಮರೆಯುವಂತಿಲ್ಲ.

ಕಲ್ಲಿನ ಬಸದಿಗಳು ಮಾತ್ರ ಉಳಿದದ್ದು ಯಾಕೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಕಲ್ಲು ದೇವರ ಮನೆಗೆ, ಮಣ್ಣು ಮನುಷ್ಯರ ಮನೆಗೆ ಎಂಬುದು ಆ ಕಾಲದ ರೂಢಿ. ಅದರ ಪರಿಣಾಮವಾಗಿ ಇಂದು ಹಳೆಯ ಊರುಗಳೆಂದರೆ ಬರೀ ಗುಡಿಗಳೇ ಇದ್ದವೇನೋ ಅನಿಸುತ್ತದೆ. ಇನ್ನು ಮುರಕಲ್ಲಿನ ಗೋಡೆಗಳಿದ್ದರೆ, ಬಿದ್ದ ಮೇಲೆ ಆ ಕಲ್ಲುಗಳನ್ನು ಪಕ್ಕದ ಊರಿನವರು ಹೊತ್ತೊಯ್ದು ಬಾವಿಗೋ ಕಟ್ಟೆಗೋ ಬಳಸಿರುತ್ತಾರೆ.

'ಒಂದು ಲಕ್ಷ ಮನೆ, 84 ಗುಡಿ': ಲೆಕ್ಕ ಹಾಕಿ ನೋಡೋಣ

1883ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತ್ಯದ ಕೆನರಾ ಗೆಜೆಟಿಯರ್ ಒಂದು ಸ್ಥಳೀಯ ನಂಬಿಕೆಯನ್ನು ದಾಖಲಿಸಿದೆ: ಉಚ್ಛ್ರಾಯ ಕಾಲದಲ್ಲಿ ಈ ಪಟ್ಟಣದಲ್ಲಿ ಒಂದು ಲಕ್ಷ ಮನೆಗಳೂ 84 ಗುಡಿಗಳೂ ಇದ್ದವಂತೆ.

ಮನೆಗೆ ಐದು ಜನ ಎಂದರೂ ಐದು ಲಕ್ಷ ಜನರಾಯಿತು. 1600ರ ಸುಮಾರಿಗೆ ಲಂಡನ್ ನಗರದ ಜನಸಂಖ್ಯೆಯೇ ಸುಮಾರು ಎರಡು ಲಕ್ಷ. ಎರಡೂ ಕಡೆ ಗುಡ್ಡಗಳಿರುವ ಇಕ್ಕಟ್ಟಾದ ಕಣಿವೆಯಲ್ಲಿ ಅದರ ಎರಡೂವರೆ ಪಟ್ಟು ಜನ ಇದ್ದರು ಎಂದು ಒಪ್ಪುವುದು ಕಷ್ಟ. ಅವರ ಅಕ್ಕಿ ಎಲ್ಲಿಂದ ಬರಬೇಕು? 84 ಎಂಬುದೂ ನಮ್ಮ ನಾಡಿನ ಕತೆಗಳಲ್ಲಿ 'ಬಹಳ' ಎನ್ನಲು ಬಳಸುವ ಸಂಖ್ಯೆ. 84 ಲಕ್ಷ ಜೀವರಾಶಿ ಎಂಬುದನ್ನು ನೆನಪಿಸಿಕೊಳ್ಳಿ. ಊರು ದೊಡ್ಡದಾಗಿತ್ತು ಎಂಬ ನೆನಪು ಉಳಿದಿದೆ, ಅಂಕಿಯನ್ನು ನಂಬಬೇಕಿಲ್ಲ.

ಹೆಸರಿನ ಕತೆಯೂ ಹೀಗೆಯೇ. ಗೇರುಸೊಪ್ಪೆ ಎಂದರೆ ಗೋಡಂಬಿ ಕೊಡುವ ಗೇರುಮರದ ಸೊಪ್ಪು ಎಂದು ಬಹಳ ಜನ ಹೇಳುತ್ತಾರೆ. ಆದರೆ ಗೋಡಂಬಿಯ ಮರ ದಕ್ಷಿಣ ಅಮೆರಿಕದ್ದು. ಪೋರ್ಚುಗೀಸರು 16ನೇ ಶತಮಾನದಲ್ಲಿ ಅದನ್ನು ಭಾರತಕ್ಕೆ ತಂದರು. ಊರಿನ ಹೆಸರು ಅದಕ್ಕಿಂತ ಹಳೆಯದು. ಹಾಗಾದರೆ ಇದು ಯಾವ ಗೇರು? ಸಂಸ್ಕೃತದಲ್ಲಿ ಈ ಊರಿಗೆ ಭಲ್ಲಾತಕೀಪುರ ಎಂಬ ಹೆಸರಿತ್ತು. ಭಲ್ಲಾತಕ ಎಂದರೆ ನಮ್ಮದೇ ಕಾಡಿನ ಕರಿಗೇರು, ಬಟ್ಟೆಗೆ ಅಗಸರು ಗುರುತು ಹಾಕಲು ಬಳಸುತ್ತಿದ್ದ ಕಾಯಿ. ಹೊರಗಿನಿಂದ ಬಂದ ಮರಕ್ಕೆ ಹಳೆಯ ಹೆಸರು ಅಂಟಿಕೊಂಡಿತು, ಆಮೇಲೆ ಜನ ಹಳೆಯ ಹೆಸರಿಗೆ ಹೊಸ ಮರದಿಂದ ಅರ್ಥ ಹೇಳತೊಡಗಿದರು.

ಹುಡುಕಾಟ ಕಾಡಿನಲ್ಲಲ್ಲ, ಕಾಗದದಲ್ಲಿ ಶುರು

ಮರೆಯಾದ ಊರನ್ನು ಹುಡುಕುವವರು ಮೊದಲು ಕತ್ತಿ ಹಿಡಿದು ಕಾಡಿಗೆ ಹೋಗುವುದಿಲ್ಲ. ಹಳೆಯ ನಕ್ಷೆಗಳನ್ನು ಬಿಡಿಸುತ್ತಾರೆ. ಕಂದಾಯ ಗ್ರಾಮನಕ್ಷೆಯಲ್ಲಿ ಗ್ರಾಮಠಾಣ, ಕೆರೆ, ಬಾವಿ, ಬಂಡಿದಾರಿ ಎಲ್ಲವೂ ಇರುತ್ತವೆ. ಈಗ ದಟ್ಟ ಕಾಡಿರುವ ಜಾಗದಲ್ಲಿ ನಕ್ಷೆ ಗ್ರಾಮಠಾಣ ತೋರಿಸಿದರೆ, ಮೂರು ಬಂಡಿದಾರಿಗಳು ಬಂದು ಏನೂ ಇಲ್ಲದ ಕಡೆ ಕೂಡಿದರೆ, ಅಲ್ಲಿ ಊರಿತ್ತು ಎಂದೇ ಅರ್ಥ. ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ಮೊಬೈಲ್‌ನಲ್ಲೇ ಸಿಗುತ್ತದೆ. ಕಾಗದದ ಊರನ್ನು ನೆಲದ ಮೇಲೆ ಗುರುತಿಸುವುದು ಇದರಿಂದ ಸುಲಭವಾಗಿದೆ.

ಎರಡನೆಯ ಮೂಲ ಜನರ ನೆನಪು. ಊರು ಬಿಟ್ಟರೂ ದೇವರನ್ನು ಬಿಡುವುದು ನಮ್ಮವರಿಗೆ ಕಷ್ಟ. ಬೇಚರಾಕ್ ಗ್ರಾಮದ ಮಾರಮ್ಮನಿಗೋ ಚೌಡಿಗೋ ನಾಗರಕಲ್ಲಿಗೋ ವರ್ಷಕ್ಕೊಮ್ಮೆ ಪೂಜೆ ಮಾಡಲು ದೂರದಿಂದ ಬರುವ ಮನೆತನಗಳಿರುತ್ತವೆ. ಆ ಪೂಜೆಗೆ ಹೋಗುವ ಕಾಲುದಾರಿಯೇ ಹಲವು ಸಲ ಊರಿನ ಹಳೆಯ ಬೀದಿ. ದನ ಮೇಯಿಸುವವರಿಗೆ, ಜೇನು ಕೀಳುವವರಿಗೆ ತಿಳಿದಿರುವಷ್ಟು ಯಾವ ಉಪಗ್ರಹ ಚಿತ್ರಕ್ಕೂ ತಿಳಿದಿರುವುದಿಲ್ಲ.

ನೆಲ ಮತ್ತು ಗಿಡ ಕೊಡುವ ಸುಳಿವು

ಕಾಡಿಗೆ ಕಾಲಿಟ್ಟ ಮೇಲೆ ಏನನ್ನು ನೋಡಬೇಕು? ಕಾಡಿಗೆ ಸೇರದ ಮರಗಳನ್ನು. ದಟ್ಟ ಕಾಡಿನ ನಡುವೆ ಹುಣಸೆ, ತೆಂಗು, ಸಂಪಿಗೆಯ ಸಾಲು, ಕಟ್ಟೆಯಂಥ ದಿಬ್ಬದ ಮೇಲೆ ಅರಳಿ ಕಂಡರೆ ಯಾರೋ ನೆಟ್ಟಿರಬಹುದು. ಇಲ್ಲಿ ಒಂದು ಎಚ್ಚರ ಬೇಕು. ಮಾವು, ಹಲಸು ಪಶ್ಚಿಮ ಘಟ್ಟದಲ್ಲಿ ತಾವಾಗಿಯೇ ಬೆಳೆಯುತ್ತವೆ. ಹಲಸಿನ ಮರ ಕಂಡ ಕೂಡಲೇ 'ಇಲ್ಲಿ ಮನೆಯಿತ್ತು' ಎನ್ನಲಾಗದು.

ಮನುಷ್ಯ ಬಿಟ್ಟುಹೋದರೂ ಮಣ್ಣಿನಲ್ಲಿ ಉಳಿಯುವ ಇನ್ನೊಂದು ಗುರುತು ರಂಜಕ. ಸಗಣಿ, ಬೂದಿ, ಮೂಳೆ, ಅಡುಗೆಮನೆಯ ಕಸ ಎಲ್ಲದರಲ್ಲೂ ರಂಜಕವಿದೆ. ಅದು ಮಣ್ಣಿನ ಕಬ್ಬಿಣ, ಅಲ್ಯುಮಿನಿಯಂ ಜೊತೆ ಬಿಗಿಯಾಗಿ ಅಂಟಿಕೊಳ್ಳುವುದರಿಂದ ಮಳೆಗೆ ಸುಲಭವಾಗಿ ಕೊಚ್ಚಿಹೋಗದು. ಸ್ವೀಡನ್ನಿನ ಓಲೊಫ್ ಅರ್ಹೇನಿಯಸ್ ಸುಮಾರು ನೂರು ವರ್ಷದ ಹಿಂದೆ ಬೆಳೆಗಾಗಿ ಮಣ್ಣು ಪರೀಕ್ಷಿಸುತ್ತಿದ್ದಾಗ, ರಂಜಕ ಹೆಚ್ಚಿರುವ ಕಡೆಗಳಲ್ಲಿ ಪ್ರಾಚೀನ ವಸತಿಗಳಿದ್ದುದನ್ನು ಗಮನಿಸಿದರು. ಅಲ್ಲಿಂದ ಇದು ಪುರಾತತ್ವದ ಒಂದು ಉಪಕರಣವಾಯಿತು. ಫ್ರಾನ್ಸಿನ ಟ್ರಾನ್ಸೆ ಕಾಡಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಕುತೂಹಲದ್ದು. ರೋಮನ್ ಕಾಲದ ಕಟ್ಟಡಗಳ ಅವಶೇಷಕ್ಕೆ ಹತ್ತಿರವಾದಷ್ಟೂ ಮಣ್ಣಿನಲ್ಲಿ ರಂಜಕ ಹೆಚ್ಚು, ಗಿಡಗಳ ಜಾತಿಗಳೂ ಹೆಚ್ಚು ಎಂದು ಅದು ತೋರಿಸಿತು. ರೋಮನ್ನರು ಹೋಗಿ ಒಂದೂವರೆ ಸಾವಿರ ವರ್ಷ ಕಳೆದರೂ ಅವರ ಹಿತ್ತಲಿನ ಗೊಬ್ಬರ ಇಂದಿನ ಕಾಡನ್ನು ಸಾಕುತ್ತಿದೆ!

ಮೂಳೆಯ ಮಾತು ಬೇರೆ. ಮಲೆನಾಡಿನ ಹುಳಿ ಮಣ್ಣಿನಲ್ಲಿ ಮೂಳೆ ಕರಗಿಹೋಗುತ್ತದೆ. ಮರವೂ ಉಳಿಯದು. ಉಳಿಯುವುದು ಸುಟ್ಟ ಮಣ್ಣು, ಅಂದರೆ ಮಡಕೆ ಚೂರು, ಹೆಂಚಿನ ಚೂರು. ಹೆಂಚಂತೂ ಕಾಲವನ್ನೂ ಹೇಳುತ್ತದೆ. ಮಂಗಳೂರು ಹೆಂಚಿನ ಕಾರ್ಖಾನೆಗಳು ಶುರುವಾದದ್ದು 1860ರ ದಶಕದಲ್ಲಿ. ನಿಮ್ಮ 'ಪ್ರಾಚೀನ ಊರಿ'ನಲ್ಲಿ ಕಂಪನಿಯ ಹೆಸರು ಒತ್ತಿದ ಹೆಂಚಿನ ಚೂರು ಸಿಕ್ಕರೆ, ಅಲ್ಲಿ 1860ರ ನಂತರವೂ ಯಾರೋ ಇದ್ದರು. ಮುತ್ತಜ್ಜನ ಕಾಲದ ಊರಿರಬಹುದು, ವಿಜಯನಗರದ ಕಾಲದ್ದೇ ಎನ್ನುವ ಅವಸರ ಬೇಡ.

ಎಲೆಗಳ ಸಂದಿನಿಂದ ಇಣುಕುವ ಬೆಳಕು

ಇತ್ತೀಚೆಗೆ ಸುದ್ದಿಯಲ್ಲಿರುವ ಲೈಡಾರ್ ತಂತ್ರಜ್ಞಾನ ಕಾಡಿನ ಹುಡುಕಾಟವನ್ನೇ ಬದಲಿಸಿದೆ. ವಿಮಾನದಿಂದ ಅಥವಾ ಡ್ರೋನ್‌ನಿಂದ ಸೆಕೆಂಡಿಗೆ ಲಕ್ಷಾಂತರ ಲೇಸರ್ ಮಿಡಿತಗಳನ್ನು ಕೆಳಗೆ ಬಿಡುತ್ತಾರೆ. ಹೆಚ್ಚಿನವು ಎಲೆಗೆ, ಕೊಂಬೆಗೆ ತಾಗಿ ಮರಳುತ್ತವೆ. ಕೆಲವು ಮಾತ್ರ ಎಲೆಗಳ ಸಂದಿನಿಂದ ನುಸುಳಿ ನೆಲ ಮುಟ್ಟಿ ಬರುತ್ತವೆ. ಹೋಗಿ ಬರಲು ಹಿಡಿದ ಸಮಯದಿಂದ ದೂರ ತಿಳಿಯುತ್ತದೆ. ನೆಲ ಮುಟ್ಟಿದವುಗಳನ್ನಷ್ಟೇ ಕಂಪ್ಯೂಟರಿನಲ್ಲಿ ಬೇರ್ಪಡಿಸಿದರೆ, ಮರಗಳನ್ನೆಲ್ಲ ಎತ್ತಿಟ್ಟಂತೆ ಬರಿ ನೆಲದ ಚಿತ್ರ ಸಿಗುತ್ತದೆ. ಮೊಣಕಾಲೆತ್ತರದ ಗೋಡೆಯ ಬುಡ, ಮುಚ್ಚಿಹೋದ ಕಂದಕ, ಕೆರೆಯ ಏರಿ, ಬೀದಿಯ ಗೆರೆ ಎಲ್ಲವೂ ಅದರಲ್ಲಿ ಕಾಣುತ್ತವೆ.

2009ರಲ್ಲಿ ಬೆಲೀಜ್ ದೇಶದ ಮಾಯಾ ನಗರ ಕಾರಕೋಲ್ ಮೇಲೆ ಕೆಲವೇ ದಿನ ಹಾರಿ ಸುಮಾರು 200 ಚದರ ಕಿಲೋಮೀಟರ್ ನಕ್ಷೆ ಮಾಡಿದರು. ಕಾಲ್ನಡಿಗೆಯಲ್ಲಿ ಇಪ್ಪತ್ತೈದು ವರ್ಷ ಮಾಡಿದ ಸರ್ವೆಗಿಂತ ಅದು ಎಷ್ಟೋ ಪಟ್ಟು ದೊಡ್ಡದು. 2012ರಲ್ಲಿ ಕಾಂಬೋಡಿಯದ ಕುಲೆನ್ ಬೆಟ್ಟದ ಕಾಡಿನಡಿ ಮಹೇಂದ್ರಪರ್ವತ ಎಂಬ ನಗರದ ಬೀದಿಗಳ ಜಾಲ ಕಂಡಿತು. 2018ರಲ್ಲಿ ಗ್ವಾಟೆಮಾಲಾದ 2,100 ಚದರ ಕಿಲೋಮೀಟರ್ ಕಾಡಿನಲ್ಲಿ 60,000ಕ್ಕೂ ಹೆಚ್ಚು ಕಟ್ಟಡಗಳ ಗುರುತು ಸಿಕ್ಕವು.

ಆದರೆ ಲೈಡಾರ್ ತೋರಿಸುವುದು ನೆಲದ ಉಬ್ಬುತಗ್ಗು ಮಾತ್ರ. ಆ ದಿಬ್ಬ ಮನೆಯೋ, ಗೆದ್ದಲ ಹುತ್ತವೋ, ಅರಣ್ಯ ಇಲಾಖೆ ಹಿಂದೆ ತೋಡಿಸಿದ ಕಾಲುವೆಯ ಮಣ್ಣೋ ಎಂದು ತಿಳಿಯಲು ಯಾರಾದರೂ ನಡೆದುಹೋಗಿ ನೋಡಲೇಬೇಕು. 'ಲೈಡಾರ್ ಕಳೆದುಹೋದ ನಗರ ಪತ್ತೆಹಚ್ಚಿತು' ಎಂಬ ಸುದ್ದಿಗಳಲ್ಲಿ ಒಂದು ಪೊಳ್ಳೂ ಇದೆ. ಕುಲೆನ್ ಬೆಟ್ಟದ ಜನರಿಗೆ ಅಲ್ಲಿನ ಗುಡಿಗಳು ಗೊತ್ತೇ ಇದ್ದವು. ಗೊತ್ತಿರದೆ ಇದ್ದದ್ದು ಬೀದಿಗಳ ಒಟ್ಟು ವಿನ್ಯಾಸ.

ಜನ ಯಾಕೆ ಊರು ಬಿಟ್ಟರು? ಶಾಪದ ಕತೆಗಳು

ಹಾಳೂರುಗಳ ಬಗ್ಗೆ ಕೇಳಿದರೆ ಎರಡು ಉತ್ತರ ಸಿದ್ಧವಾಗಿರುತ್ತವೆ: ಶಾಪ, ಇಲ್ಲವೇ ಪ್ಲೇಗ್. ಪ್ಲೇಗಿನಿಂದ ಖಾಲಿಯಾದ ಊರುಗಳು ನಿಜಕ್ಕೂ ಇವೆ. ಮಲೇರಿಯಾ ಕೂಡ ಮಲೆನಾಡನ್ನು ಬಹಳ ಕಾಲ ಬರಿದು ಮಾಡಿತು. ಅಣೆಕಟ್ಟು ಕಟ್ಟಿದಾಗ ಮುಳುಗಿದವು ಬೇರೆ. ಆದರೆ ಎಲ್ಲ ಊರೂ ಒಂದೇ ರಾತ್ರಿಯಲ್ಲಿ ಖಾಲಿಯಾಗಲಿಲ್ಲ. ಇಂಗ್ಲೆಂಡಿನ ವಾರಮ್ ಪರ್ಸಿ ಎಂಬ ಹಾಳೂರಿನ ಬಗ್ಗೆಯೂ ಪ್ಲೇಗಿನ ಕತೆಯೇ ಇತ್ತು. ನಲವತ್ತು ವರ್ಷ ಉತ್ಖನನ ಮಾಡಿದ ಮೇಲೆ ತಿಳಿದದ್ದು ಬೇರೆ: ಪ್ಲೇಗ್ ಬಂದುಹೋದ ಮೇಲೂ ನೂರಕ್ಕೂ ಹೆಚ್ಚು ವರ್ಷ ಅಲ್ಲಿ ಜನರಿದ್ದರು. 1500ರ ಸುಮಾರಿಗೆ ಒಡೆಯರು ಕುರಿ ಮೇಯಿಸಲೆಂದು ಕೊನೆಯ ಮನೆಗಳನ್ನು ಖಾಲಿ ಮಾಡಿಸಿದರು.

ಶಾಪದ ಕತೆಗೆ ಅಮೆರಿಕದ ಡಡ್ಲಿಟೌನ್ ಒಳ್ಳೆಯ ಉದಾಹರಣೆ. ಕನೆಕ್ಟಿಕಟ್ ರಾಜ್ಯದ ಕಾರ್ನ್‌ವಾಲ್ ಎಂಬಲ್ಲಿ ಕಾಡಿನೊಳಗೆ ಕೆಲವು ಮನೆಗಳ ಬುನಾದಿಗಳಿವೆ. 1510ರಲ್ಲಿ ಇಂಗ್ಲೆಂಡಿನಲ್ಲಿ ತಲೆ ಕಡಿಸಿಕೊಂಡ ಎಡ್ಮಂಡ್ ಡಡ್ಲಿಯ ವಂಶಕ್ಕೆ ಶಾಪ ತಗುಲಿ ಊರು ನಾಶವಾಯಿತು ಎಂಬುದು ಕತೆ. ವಂಶಾವಳಿ ಹುಡುಕಿದವರಿಗೆ ಅವನಿಗೂ ಈ ಡಡ್ಲಿಗಳಿಗೂ ನಂಟೇ ಸಿಗಲಿಲ್ಲ. ಅಷ್ಟೇ ಅಲ್ಲ, ಅದು ಪ್ರತ್ಯೇಕ ಊರೇ ಆಗಿರಲಿಲ್ಲ, ಕಾರ್ನ್‌ವಾಲ್‌ನ ಒಂದು ಕೇರಿ. ಕಲ್ಲು ತುಂಬಿದ, ಬಿಸಿಲು ಕಡಿಮೆ ಬೀಳುವ ಜಮೀನಿನಲ್ಲಿ ಬೇಸಾಯ ಗಿಟ್ಟಲಿಲ್ಲ, ಪಶ್ಚಿಮದಲ್ಲಿ ಒಳ್ಳೆಯ ನೆಲ ಸಿಕ್ಕಿತು, ಜನ ಹೋದರು. 1999ರಲ್ಲಿ ಕಾಡಿನ ಭೂತದ ಸಿನಿಮಾವೊಂದು ಗೆದ್ದಾಗ ಯುವಕರು ರಾತ್ರಿ ಹೊತ್ತು ನುಗ್ಗತೊಡಗಿದರು. ಈಗ ಆ ಖಾಸಗಿ ಕಾಡಿಗೆ ಹೊರಗಿನವರಿಗೆ ಪ್ರವೇಶವಿಲ್ಲ.

ನಿಧಿ ಅಗೆದವರು ಕಳೆದದ್ದು

ನಮ್ಮಲ್ಲಿ ಹಾಳೂರಿಗೆ ದೆವ್ವಕ್ಕಿಂತ ದೊಡ್ಡ ಕಾಟ ನಿಧಿಗಳ್ಳರದು. ಪಾಳುಗುಡಿಯ ಪೀಠದ ಅಡಿ, ನಾಗರಕಲ್ಲಿನ ಬುಡ, ವೀರಗಲ್ಲಿನ ಕೆಳಗೆ ಚಿನ್ನವಿದೆ ಎಂದು ಅಮಾವಾಸ್ಯೆಯ ರಾತ್ರಿ ಅಗೆಯುವವರ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ನಾಗರಕಲ್ಲು, ವೀರಗಲ್ಲು ಎಂದರೆ ಹರಕೆಯ, ನೆನಪಿನ ಕಲ್ಲುಗಳು. ಚಿನ್ನದ ಗುರುತಿನ ಫಲಕಗಳಲ್ಲ.

ಅಗೆದಾಗ ಏನು ಹಾಳಾಗುತ್ತದೆ? ಮಣ್ಣು ಪದರಪದರವಾಗಿ ಕೂತಿರುತ್ತದೆ. ಯಾವ ಮಡಕೆ ಚೂರು ಯಾವ ಪದರದಲ್ಲಿ, ಯಾವ ಬೂದಿಯ ಪಕ್ಕದಲ್ಲಿತ್ತು ಎಂಬುದರಿಂದಲೇ ಕಾಲ ತಿಳಿಯುವುದು. ಒಂದು ರಾತ್ರಿಯ ಗುಂಡಿ ಈ ಪದರಗಳನ್ನೆಲ್ಲ ಕಲಸಿಬಿಡುತ್ತದೆ. ಆಮೇಲೆ ಎಷ್ಟು ದೊಡ್ಡ ತಜ್ಞ ಬಂದರೂ ಅದನ್ನು ಮತ್ತೆ ಓದಲಾರ. ಬಸದಿಗಳಿಲ್ಲದ, ಶಾಸನವಿಲ್ಲದ ಸಣ್ಣ ಊರಿಗೆ ಆ ಪದರಗಳ ಹೊರತು ಬೇರೆ ಇತಿಹಾಸವೇ ಇರುವುದಿಲ್ಲ.

ಕಾನೂನೂ ಸ್ಪಷ್ಟವಾಗಿದೆ. 1878ರ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಹುದುಗಿದ್ದ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತು ಸಿಕ್ಕರೂ ಜಿಲ್ಲಾಧಿಕಾರಿಗೆ ತಿಳಿಸಬೇಕು. ಗೇರುಸೊಪ್ಪೆಯ ಚತುರ್ಮುಖ ಬಸದಿಯಂಥ ಕೇಂದ್ರ ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ.

ಹೋಗುವವರಿಗೆ

ಮೀಸಲು ಅರಣ್ಯ ಅಥವಾ ಅಭಯಾರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಹೋಗುವಂತಿಲ್ಲ. ಹಾಳೂರಿನಲ್ಲಿ ಹಾವಿಗಿಂತ ಹೆಚ್ಚು ಹೆದರಬೇಕಾದದ್ದು ಬಾವಿಗೆ. ಕಟ್ಟೆ ಕುಸಿದು, ಬಾಯಿ ಬಳ್ಳಿಯಿಂದ ಮುಚ್ಚಿದ ಬಾವಿ ನಡುಹಗಲಲ್ಲೂ ಕಾಣುವುದಿಲ್ಲ. ಕೋಲಿನಿಂದ ನೆಲ ತಟ್ಟಿಕೊಂಡು, ದಾರಿ ಬಲ್ಲ ಊರಿನವರ ಹಿಂದೆ ನಡೆಯಿರಿ. ಒಬ್ಬರೇ ಹೋಗಬೇಡಿ.

ಉಂಬಳ ರಕ್ತ ಹೀರುತ್ತದೆ, ಅಷ್ಟೇ. ಉಣುಗು ಹಾಗಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದಲೇ ಹರಡುತ್ತದೆ, ಉತ್ತರ ಕನ್ನಡದಲ್ಲೂ ಇದೆ. ಕಾಡು ಸುತ್ತಲು ಅನುಕೂಲ ಎನಿಸುವ ಡಿಸೆಂಬರಿನಿಂದ ಮೇವರೆಗಿನ ಒಣ ತಿಂಗಳುಗಳೇ ಅದರ ಕಾಲವೂ ಹೌದು. ಮೈತುಂಬ ಬಟ್ಟೆ ತೊಡಿ, ಆರೋಗ್ಯ ಇಲಾಖೆ ಮಲೆನಾಡಿನಲ್ಲಿ ಹಂಚುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ, ಮನೆಗೆ ಬಂದ ಕೂಡಲೇ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ ಬಟ್ಟೆ ಒಗೆಯಿರಿ. ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ 'ಕಾಡಿಗೆ ಹೋಗಿದ್ದೆ' ಎಂದು ಮೊದಲೇ ಹೇಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ.

ಅಕ್ಷರ ಕೆತ್ತಿದ ಕಲ್ಲೋ, ಶಿಲ್ಪವೋ ಕಂಡರೆ ಅದನ್ನು ಎತ್ತಬೇಡಿ, ತಿರುಗಿಸಬೇಡಿ, ಅಕ್ಷರ ಕಾಣಲೆಂದು ಸುಣ್ಣವನ್ನೋ ಬಣ್ಣವನ್ನೋ ಬಳಿಯಬೇಡಿ. ಬೆಳಿಗ್ಗೆ ಇಲ್ಲವೇ ಸಂಜೆಯ ಓರೆ ಬಿಸಿಲಿನಲ್ಲಿ, ಅಳತೆಗೆ ಪಕ್ಕದಲ್ಲೊಂದು ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಮೊಬೈಲಿನ ಜಿಪಿಎಸ್‌ನಿಂದ ಜಾಗ ಗುರುತು ಮಾಡಿಕೊಂಡು ರಾಜ್ಯ ಪುರಾತತ್ವ ಇಲಾಖೆಗೆ ಕಳಿಸಿ. ಆ ಜಾಗದ ಗುರುತನ್ನು ಫೇಸ್‌ಬುಕ್‌ಗೆ ಮಾತ್ರ ಹಾಕಬೇಡಿ, ಗುದ್ದಲಿ ಹಿಡಿದವರೂ ಅಲ್ಲಿ ಇರುತ್ತಾರೆ.